ಬ್ರೇಕ್ ಅತ್ತೆಯ ಬಲಗಾಲು

ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದವಳು ನಮ್ಮ ಅತ್ತೆ. ಉಳಿದ ಅರ್ಧ ಜನ, ಅವಳ ಶಿಷ್ಯರು ಎದುರಿಗೆ ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲಲು ಕಲಿತವರು. ಈ ಎರಡನೆಯ ಮಾತು ನನ್ನದಲ್ಲ, ಅಪ್ಪನದು. ಒಡಹುಟ್ಟಿದ ತಂಗಿಯ ಬಗ್ಗೆ ಅಪ್ಪನಿಗೆ ಅಷ್ಟು ಸಲಿಗೆ ಇತ್ತು.

ಅತ್ತೆಯ ಡ್ರೈವಿಂಗ್ ಸ್ಕೂಲು ಎಂದರೆ ಒಂದು ಬಿಳಿ ಕಾರು, ಅದರ ನೆತ್ತಿಯ ಮೇಲೊಂದು ಫಲಕ, ಒಳಗೆ ಅತ್ತೆ. ಅಷ್ಟೇ. ಎಲ್ಲ ಕಾರುಗಳ ಹಾಗೆ ಕಲಿಯುವವರ ಕಾಲಡಿಗೆ ಮೂರು ಪೆಡಲು; ಪಕ್ಕದ ಸೀಟಿನಲ್ಲಿ ಕೂರುವ ಅತ್ತೆಯ ಕಾಲಡಿಗೂ ಒಂದು ಕ್ಲಚ್ಚು, ಒಂದು ಬ್ರೇಕು. ಅವಳ ಬಲಗಾಲು ಬೆಳಗಿನಿಂದ ಸಂಜೆಯವರೆಗೆ ಆ ಬ್ರೇಕಿನ ಮೇಲೆ ತೇಲುತ್ತಿರುತ್ತಿತ್ತು. ಒತ್ತುವುದಿಲ್ಲ, ಬಿಡುವುದೂ ಇಲ್ಲ. ಬಾಯಿ ಮಾತ್ರ ಹವಾಮಾನ, ಮದುವೆ, ಟೊಮೇಟೊ ರೇಟು ಎಂದು ಏನೇನೋ ಮಾತಾಡುತ್ತಿರುತ್ತಿತ್ತು. ಶಿಷ್ಯ ಮೈಮರೆತು ಲಾರಿಯ ಹಿಂಬದಿಗೆ ಮುತ್ತಿಡಲು ಹೊರಟ ಕ್ಷಣ ಕಾಲು ತನ್ನ ಕೆಲಸ ಮುಗಿಸಿಬಿಡುತ್ತಿತ್ತು. ಮಾತು ಮಾತ್ರ ತುಂಡಾಗುತ್ತಿರಲಿಲ್ಲ. ಇದರಿಂದಲೇ ಅವಳಿಗೆ ‘ಬ್ರೇಕ್ ಅತ್ತೆ’ ಎಂಬ ಹೆಸರು ಬಂತು. ಮೊದಲು ಹಾಗೆ ಕರೆದವಳು ನಾನು. ಆಮೇಲೆ ಅವಳು ಯಾರಿಗೆ ಅತ್ತೆಯೇ ಅಲ್ಲವೋ ಅವರೂ ಹಾಗೇ ಕರೆಯತೊಡಗಿದರು. ಅವಳಿಗಿಂತ ಹಿರಿಯರಾದ ನಿವೃತ್ತ ಮೇಷ್ಟರೊಬ್ಬರು ನಡುಬೀದಿಯಲ್ಲಿ ನಿಂತು “ಬ್ರೇಕ್ ಅತ್ತೇ, ನಾಳೆ ನನ್ನ ಕ್ಲಾಸ್ ಇದೆಯಾ?” ಎಂದು ಕೂಗಿದ್ದನ್ನು ನಾನೇ ಕೇಳಿದ್ದೇನೆ.

ಅವಳ ಗಂಡ, ನಮ್ಮ ಮಾವ, ಅವಳಿಗೆ ತದ್ವಿರುದ್ಧ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವರ ಕೆಲಸ. ಮೆಲುಮಾತು, ನಿಧಾನ ನಡಿಗೆ. ಮನೆಯ ಅಡುಗೆಯೂ ಅವರದೇ. ಮದುವೆಯಾದ ಹೊಸದರಲ್ಲಿ ಅತ್ತೆ ಅವರಿಗೂ ಕಾರು ಕಲಿಸಲು ಹೋಗಿದ್ದಳಂತೆ. ಮಾವ ಫುಟ್‌ಪಾತ್ ಹತ್ತಿಸಿ ಅಂಚೆ ಡಬ್ಬಿಗೆ ಒರಗಿಸಿ ನಿಲ್ಲಿಸಿ, ಕೀಲಿ ಕೈಗೆ ಕೊಟ್ಟು, “ಮನೆಗೊಬ್ಬರು ಡ್ರೈವರ್ ಸಾಕು ಕಣೇ” ಎಂದು ನಡೆದೇ ಮನೆಗೆ ಬಂದರಂತೆ. ಅಂದಿನಿಂದ ಎಲ್ಲಿಗೆ ಹೋದರೂ ಅವರು ಹಿಂದಿನ ಸೀಟಿನಲ್ಲಿ, ಕಿಟಕಿಯ ಮೇಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದು.

ನಾವು ಮೇಲಿನ ಮನೆಯಲ್ಲಿ, ಅವರು ಕೆಳಗಿನ ಮನೆಯಲ್ಲಿ. ನಾನು ಮಕ್ಕಳ ಶಾಲೆಯಲ್ಲಿ ಚಿತ್ರ ಕಲಿಸುತ್ತೇನೆ. ಶಾಲೆ ಬಿಟ್ಟ ಮೇಲೆ ನನ್ನ ವಾಸವೆಲ್ಲ ಕೆಳಗೇ. ಅವರಿಗೆ ಮಕ್ಕಳಿಲ್ಲ. “ಗುಬ್ಬಿ ಒಂದಿದೆಯಲ್ಲ, ಮನೆ ತುಂಬ ಗೂಡು ಕಟ್ಟೋಕೆ” ಎಂದು ಅತ್ತೆ ನನ್ನನ್ನೇ ತೋರಿಸುತ್ತಿದ್ದಳು. ಹಾಗಾಗಿ ಅತ್ತೆಯ ಕಾಲಿನ ಕತೆಯೆಲ್ಲ ನನ್ನ ಕಣ್ಣೆದುರೇ ನಡೆಯಿತು.

ಶುರುವಾದದ್ದು ಜೋಮಿನಿಂದ. “ಅಂಗಾಲಲ್ಲಿ ಇರುವೆ ಸಾಲು ಹೊರಟಿದೆ ಕಣೆ” ಎಂದು ಕಾಲು ಕೊಡವುತ್ತಿದ್ದಳು. ಯಾರಿಗೆ ಜೋಮು ಹಿಡಿಯುವುದಿಲ್ಲ? ನಾವು ಯಾರೂ ಅದಕ್ಕೆ ಕಿವಿಗೊಡಲಿಲ್ಲ. ಆದರೆ ಇರುವೆ ಹೋಗಿ ಬೆಂಕಿ ಬಂತು. ಸಂಜೆ ಬೂಟು ಬಿಚ್ಚಿದರೆ ಸಾಕು, ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಯಾರೋ ಕಾದ ತಂತಿ ಎಳೆದ ಹಾಗೆ ಉರಿ. ಅಪ್ಪ ಬೂಟು ಸರಿಯಿಲ್ಲ ಎಂದ. ಬೂಟು ಬದಲಾಯಿತು. ಅಮ್ಮ ಬಿಸಿನೀರು ಉಪ್ಪು ಎಂದಳು. ಬಕೆಟ್ಟು ಬಂತು. ಪಕ್ಕದ ಮನೆಯಾಕೆ ಚಪ್ಪಲಿಯ ಅಟ್ಟೆ ಮೆತ್ತಗಿರಬೇಕು ಎಂದಳು. ಬಾಗಿಲ ಬಳಿ ಚಪ್ಪಲಿಗಳ ಸಂತೆ ನೆರೆಯಿತು, ಮಾವ ಒಳಗೆ ಬರುವಾಗಲೆಲ್ಲ “ಅಂಗಡಿ ತೆಗೆದಿದ್ಯಾ?” ಎಂದು ಕೇಳುತ್ತಿದ್ದರು.

ಡಾಕ್ಟರರ ಬಳಿಯೂ ಹೋದದ್ದಾಯಿತು. ಒಬ್ಬರು ಹಿಮ್ಮಡಿಯ ಊತ ಎಂದು ವ್ಯಾಯಾಮ ಹೇಳಿಕೊಟ್ಟರು. ಇನ್ನೊಬ್ಬರು ಇದು ಸೊಂಟದಿಂದ ಇಳಿಯುವ ನೋವು, ಕೂತೇ ಮಾಡುವ ಕೆಲಸ ನೋಡಿ ಎಂದು ಬೆಲ್ಟು ಕಟ್ಟಿಸಿದರು. ಅವರನ್ನು ದೂರುವ ಹಾಗಿಲ್ಲ. ಅತ್ತೆ ಅವರ ಮುಂದೆ ಹೋಗಿ ಕೂರುವ ಹೊತ್ತಿಗೆ ಉರಿ ತಣ್ಣಗಾಗಿರುತ್ತಿತ್ತು; ಇವಳೋ, ಊರಿನವರ ಕಷ್ಟವನ್ನು ಹಿಗ್ಗಿಸಿ ಹೇಳಿ ತನ್ನದನ್ನು ಕುಗ್ಗಿಸಿ ಹೇಳುವ ಜಾತಿ. ಸಕ್ಕರೆ ಕಾಯಿಲೆ ಇರಬಹುದೆಂದು ರಕ್ತ ಪರೀಕ್ಷೆಯೂ ಆಯಿತು. ಅದೂ ಇಲ್ಲ. ಅತ್ತೆ ಆಸ್ಪತ್ರೆಯಿಂದ ಹೊರಗೆ ಬಂದು, “ಸಕ್ಕರೆನೂ ಇಲ್ವಂತೆ ಕಣೆ. ಇನ್ನು ಬೈಯೋಕೆ ಯಾರೂ ಉಳಿದಿಲ್ಲ” ಎಂದು ಸಪ್ಪಗೆ ಕಾರು ಹತ್ತಿದಳು.

ಕೊನೆಕೊನೆಗೆ ಮಲಗಿದಾಗ ಹೊದಿಕೆ ತಾಕಿದರೂ ಆಗದು ಎನ್ನುವಂತಾಯಿತು. ಮಾವ ಒಂದು ಭಾನುವಾರ ಇಡೀ ಮಧ್ಯಾಹ್ನ ಕೂತು, ಗಟ್ಟಿ ತಂತಿ ಬಗ್ಗಿಸಿ ಒಂದು ಕಮಾನು ಮಾಡಿದರು. ಹಾಸಿಗೆಯ ಕೊನೆಯಲ್ಲಿ ಅದನ್ನಿಟ್ಟು ಮೇಲೆ ಕಂಬಳಿ ಹೊದಿಸಿದರೆ ಅತ್ತೆಯ ಕಾಲಿಗೆ ಏನೂ ಸೋಕದು, ಚಳಿಯೂ ಆಗದು. ಅತ್ತೆ ಅದನ್ನು ನೋಡಿ, “ನನ್ನ ಕಾಲಿಗೆ ಬೇರೆ ಮನೆ ಮಾಡಿಕೊಟ್ರಾ?” ಎಂದಳು.

ಹೀಗೇ ಎಷ್ಟೋ ಕಾಲ ನಡೆಯುತ್ತಿತ್ತೇನೋ, ಆದರೆ ಬೇಕರಿಯವನ ಕ್ಲಾಸಿನ ದಿನ ಬೇರೆಯೇ ಆಯಿತು.

ಬೇಕರಿಯವನು ಆನೆಯಂಥ ಆಳು, ಇಲಿಯಂಥ ಧೈರ್ಯ. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ತಿರುಗಿಸುವಾಗ ಅವನ ಕಾಲು ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತಿತು. ಇದು ಹೊಸದಲ್ಲ, ಎಲ್ಲರೂ ಮಾಡುವುದೇ. ಅತ್ತೆ ತನ್ನ ಬ್ರೇಕು ಒತ್ತಿದಳು. ಒತ್ತಿದಳು ಎಂದುಕೊಂಡಳು. ಕಾರು ನಿಲ್ಲಲಿಲ್ಲ. ಗೋಡೆಯ ಪಕ್ಕ ಆಳೆತ್ತರ ಪೇರಿಸಿಟ್ಟಿದ್ದ ಖಾಲಿ ಬಾಟಲಿ ಕ್ರೇಟುಗಳಿಗೆ ಹೋಗಿ ಗುದ್ದಿತು; ಅಷ್ಟೂ ಕ್ರೇಟುಗಳು ಬಾನೆಟ್ಟಿನ ಮೇಲೆ ಕುಸಿದವು. ಯಾರಿಗೂ ಏನೂ ಆಗಲಿಲ್ಲ. ತಲೆಗೆ ಬಂದದ್ದು ಪೇಟಕ್ಕೆ ಹೋಯಿತು. ಬೇಕರಿಯವನು “ನಂದೇ ತಪ್ಪು ಮೇಡಂ, ನಂದೇ ತಪ್ಪು” ಎಂದು ಅಳುವುದೊಂದು ಬಾಕಿ. ಅತ್ತೆ ಬಗ್ಗಿ ತನ್ನ ಕಾಲನ್ನು ನೋಡುತ್ತಿದ್ದಳಂತೆ. ಅದು ಬ್ರೇಕಿನ ಪಕ್ಕದಲ್ಲಿ, ಬರೀ ಮ್ಯಾಟಿನ ಮೇಲೆ, ಜೀವ ಬಿಟ್ಟು ಒತ್ತುತ್ತಾ ಕೂತಿತ್ತು.

ಆ ಸಂಜೆ ಅಡುಗೆಮನೆಯಲ್ಲಿ ನಾನು ಮಾವನಿಗೆ ತರಕಾರಿ ಹೆಚ್ಚಿಕೊಡುತ್ತಿದ್ದೆ. ಅತ್ತೆ ಬಾಗಿಲಿಗೆ ಒರಗಿ ನಿಂತಳು.

“ಕಾಲು ಎಲ್ಲಿದೆ ಅಂತ ನನಗೇ ಗೊತ್ತಾಗ್ಲಿಲ್ಲ ರೀ.”

ಮಾವ ಒಲೆ ಆರಿಸಿದರು. “ನೋಯ್ತಿತ್ತಾ?”

“ನೋವಾಗಿದ್ರೆ ಚೆನ್ನಾಗಿತ್ತು. ಏನೂ ಇರ್ಲಿಲ್ಲ. ಪೆಡಲು ಯಾವ್ದು, ನೆಲ ಯಾವ್ದು, ಒಂದೂ ತಿಳೀಲಿಲ್ಲ. ಅಲ್ಲಿ ಕ್ರೇಟು ಇತ್ತು ಸರಿ. ಮನುಷ್ಯರಿದ್ದಿದ್ರೆ?”

ಮಾರನೆಯ ದಿನದಿಂದ ಅವಳು ರಸ್ತೆಗೆ ಹೋಗುವುದನ್ನು ನಿಲ್ಲಿಸಿದಳು. ಹೊಸ ಶಿಷ್ಯರನ್ನು ಬೇಡವೆಂದಳು. ಇದ್ದವರನ್ನು ಮುಚ್ಚಿಹೋದ ಗೋದಾಮಿನ ಖಾಲಿ ಅಂಗಳಕ್ಕೆ ಕರೆದೊಯ್ದು ಅಲ್ಲೇ ಸುತ್ತು ಹೊಡೆಸುತ್ತಿದ್ದಳು. ಅಲ್ಲಿ ಗುದ್ದಲು ಏನೂ ಇರಲಿಲ್ಲ, ಮೂಲೆಯಲ್ಲೊಂದು ನೀರಿನ ತೊಟ್ಟಿ ಬಿಟ್ಟರೆ. ಬ್ರೇಕು ಒತ್ತುವುದನ್ನು ಎಡಗಾಲಿಗೆ ವಹಿಸಿದಳು. ಎಡಗಾಲು ಕ್ಲಚ್ಚು ಬಿಟ್ಟು ಓಡಿಬರುವಷ್ಟರಲ್ಲಿ ಎಂಜಿನ್ನು ಕೆಮ್ಮಿ ನಿಂತೇಹೋಗುತ್ತಿತ್ತು. ಆದರೂ ಕಾರು ನಿಲ್ಲುತ್ತಿತ್ತಲ್ಲ, ಅಷ್ಟು ಸಾಕು ಅವಳಿಗೆ.

ಆ ಅಂಗಳಕ್ಕೆ ಬರುತ್ತಿದ್ದವರಲ್ಲಿ ಒಬ್ಬ ಡಾಕ್ಟರಮ್ಮ ಇದ್ದಳು. ದೊಡ್ಡಾಸ್ಪತ್ರೆಯ ನರಗಳ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಹೊಸದಾಗಿ ಸೇರಿದವಳು, ನನ್ನ ವಯಸ್ಸಿನವಳೇ. ಸ್ಟೀರಿಂಗನ್ನು ಅವಳು ಹಿಡಿಯುತ್ತಿದ್ದ ಪರಿ, ಮುಳುಗುವವರು ಹುಲ್ಲುಕಡ್ಡಿ ಹಿಡಿದ ಹಾಗೆ. ಗೇರು ಬದಲಿಸಬೇಕೆಂದರೆ ಕೈ ಗಡಗಡ. ಒಂದು ಸಂಜೆ ಮಾವ ನನ್ನನ್ನು ಕಾರಿನ ಹಿಂದಿನ ಸೀಟಿಗೆ ಕಾವಲು ಕಳಿಸಿದ್ದರು. ಡಾಕ್ಟರಮ್ಮ ತೊಟ್ಟಿಯ ಕಡೆಗೆ ನೇರವಾಗಿ ಹೊರಟಳು. ಅತ್ತೆಯ ಎಡಗಾಲು ಜಿಗಿಯಿತು. ಕಾರು ಒಮ್ಮೆ ಬಿಕ್ಕಿ ನಿಂತಿತು.

ಡಾಕ್ಟರಮ್ಮ ಉಸಿರು ಬಿಟ್ಟಳು. ಆಮೇಲೆ ಪಕ್ಕಕ್ಕೆ ತಿರುಗಿ ನೋಡಿದಳು.

“ಮೇಡಂ, ನೀವು ಎಡಗಾಲಲ್ಲಿ ಬ್ರೇಕ್ ಒತ್ತಿದ್ರಲ್ವಾ?”

“ನೀನು ರಸ್ತೆ ನೋಡು ಕಂದಾ, ನನ್ನ ಕಾಲು ನೋಡ್ಬೇಡ.”

“ಎಂಜಿನ್ ಆಫ್ ಆಗಿದೆ ಮೇಡಂ. ಇನ್ನೆಲ್ಲಿ ನೋಡ್ಲಿ?”

ನನಗೆ ನಗು ತಡೆಯಲಾಗಲಿಲ್ಲ. ನಕ್ಕವಳೇ ಎಲ್ಲವನ್ನೂ ಹೇಳಿಬಿಟ್ಟೆ: ಜೋಮು, ಉರಿ, ಬೆಲ್ಟು, ಬಕೆಟ್ಟು, ಕ್ರೇಟು. ಅತ್ತೆ ಕನ್ನಡಿಯಲ್ಲೇ ನನ್ನನ್ನು ದುರುಗುಟ್ಟಿ ನೋಡಿದಳು. ಡಾಕ್ಟರಮ್ಮ ಅಷ್ಟರಲ್ಲಿ ಇಳಿದು ಆ ಕಡೆಗೆ ಬಂದು ಬಾಗಿಲು ತೆಗೆದು, ಮಣ್ಣಿನ ಮೇಲೇ ಮಂಡಿಯೂರಿ, “ಸಾಕ್ಸ್ ತೆಗೀರಿ ಮೇಡಂ” ಎಂದಳು. ಅದೇನು ದನಿಯೋ, ಯಾರ ಮಾತನ್ನೂ ಕೇಳದ ನಮ್ಮ ಅತ್ತೆ ತೆಪ್ಪಗೆ ಸಾಕ್ಸ್ ತೆಗೆದಳು.

ಅಂಗಾಲಿನ ಅಲ್ಲಲ್ಲಿ ಮುಟ್ಟಿ ಗೊತ್ತಾಗುತ್ತದೆಯೇ ಎಂದು ಕೇಳಿದಳು. ಕೆಲವು ಕಡೆ ಗೊತ್ತಾಗುತ್ತಿತ್ತು, ಕೆಲವು ಕಡೆ ಇಲ್ಲ. ಪಾದವನ್ನು ಮೇಲೆ ಕೆಳಗೆ ಆಡಿಸಿದಳು. ಕೊನೆಗೆ ಕಾಲಿನ ಒಳಬದಿಯಲ್ಲಿ, ಗಿಣ್ಣಿನ ಮೂಳೆಯ ಹಿಂದೆ ಇರುವ ತಗ್ಗಿನಲ್ಲಿ, ಬೆರಳ ತುದಿಯಿಂದ ಬಾಗಿಲು ಬಡಿದ ಹಾಗೆ ಮೆಲ್ಲಗೆ ಬಡಿದಳು.

“ಅಯ್ಯಯ್ಯಪ್ಪಾ!” ಅತ್ತೆ ಕೂತಲ್ಲೇ ಹಾರಿದಳು. “ಕರೆಂಟು ಕೊಟ್ಯೇನೆ?”

“ಎಲ್ಲಿಗೆ ಹೋಯ್ತು ಮೇಡಂ?”

“ಹೆಬ್ಬೆರಳಿಗೆ. ನೇರ ಹೆಬ್ಬೆರಳಿಗೆ.”

ಡಾಕ್ಟರಮ್ಮ ಅಲ್ಲೇ ಬೆರಳಿಟ್ಟು ಕಣ್ಣು ಮುಚ್ಚಿಕೊಂಡು ಏನನ್ನೋ ಹುಡುಕಿದಳು. ಗೇರಿನ ಮೇಲೆ ನಡುಗುತ್ತಿದ್ದ ಕೈ ಇದೇನಾ ಎಂದು ನನಗೆ ಆಶ್ಚರ್ಯ. “ಇಲ್ಲೊಂದು ಸಣ್ಣ ಗಂಟಿದೆ. ಅಡ್ಡಕ್ಕೆ ಜರುಗತ್ತೆ, ಉದ್ದಕ್ಕೆ ಜರುಗಲ್ಲ. ನರಕ್ಕೆ ಅಂಟಿಕೊಂಡಿರೋ ಗಂಟು ಹಾಗಿರತ್ತೆ. ನಾಳೆ ಆಸ್ಪತ್ರೆಗೆ ಬನ್ನಿ, ಸ್ಕ್ಯಾನ್ ಮಾಡಿಸೋಣ.”

“ನಾಳೆ ಆಗಲ್ಲಮ್ಮ, ಕ್ಲಾಸ್ ಇದೆ.”

“ನಾಳೆ ಇರೋದು ನನ್ನ ಕ್ಲಾಸೇ ಮೇಡಂ. ನಾನು ರಜಾ.”

ಸ್ಕ್ಯಾನ್ ಆಯಿತು. ನರದಲ್ಲಿ ಸುದ್ದಿ ಎಷ್ಟು ಬೇಗ ಓಡುತ್ತದೆ ಎಂದು ಅಳೆಯುವ ಇನ್ನೊಂದು ಪರೀಕ್ಷೆಯೂ ಆಯಿತು. ಶಸ್ತ್ರಚಿಕಿತ್ಸೆ ಮಾಡುವ ಹಿರಿಯ ಡಾಕ್ಟರು ನಮ್ಮನ್ನು ಕೂರಿಸಿಕೊಂಡು, “ನರದ ಮೇಲೆ ಒಂದು ಗಡ್ಡೆ ಬೆಳೆದಿದೆ” ಎಂದರು. ಗಡ್ಡೆ ಎಂಬ ಮಾತು ಕೇಳಿದ್ದೇ ಮಾವ ಎದ್ದು ನಿಂತರು. ಎದ್ದದ್ದು ಯಾಕೆಂದು ತಿಳಿಯದೆ ಮತ್ತೆ ಕೂತರು.

“ಗಾಬರಿ ಬೇಡಿ. ಇದು ಕ್ಯಾನ್ಸರ್ ಥರ ಕಾಣ್ತಿಲ್ಲ. ನರಕ್ಕೆ ಒಂದು ಹೊದಿಕೆ ಇರತ್ತೆ, ಅದರಲ್ಲಿ ನಿಧಾನಕ್ಕೆ ಬೆಳೆಯೋ ಸಾಧು ಸ್ವಭಾವದ ಗಡ್ಡೆ. ಬೇರೆ ಕಡೆ ಹರಡೋದಿಲ್ಲ. ಒಂದು ದ್ರಾಕ್ಷಿಯಷ್ಟಿದೆ.”

“ಸಾಧು ಆದ್ರೆ ಇಷ್ಟ್ಯಾಕೆ ಕಚ್ಚತ್ತೆ ಡಾಕ್ಟ್ರೇ?” ಅತ್ತೆ ಕೇಳಿದಳು.

“ಕಚ್ಚಲ್ಲಮ್ಮ, ಒತ್ತತ್ತೆ. ತೊಡೇಲೋ ಬೆನ್ನಲ್ಲೋ ಬೆಳೆದಿದ್ರೆ ನಿಮಗೆ ಗೊತ್ತೇ ಆಗ್ತಿರ್ಲಿಲ್ಲವೇನೋ. ಆದ್ರೆ ಅಂಗಾಲಿಗೆ ಹೋಗೋ ನರ ಈ ಮೂಳೆ ಹಿಂದೆ ಒಂದು ಇಕ್ಕಟ್ಟಾದ ದಾರೀಲಿ ಹಾಯತ್ತೆ. ಜೊತೆಗೆ ರಕ್ತನಾಳ, ಸ್ನಾಯುವಿನ ಹಗ್ಗಗಳು. ಮೇಲೆ ಗಟ್ಟಿ ಪಟ್ಟಿ. ಹಿಗ್ಗೋಕೆ ಜಾಗಾನೇ ಇಲ್ಲ.”

ಅತ್ತೆ ತನ್ನ ಗಿಣ್ಣನ್ನು ಸವರಿಕೊಂಡಳು. “ಓಣಿ ಒಳಗೆ ಯಾರೋ ಲಾರಿ ತಂದು ನಿಲ್ಲಿಸಿದ ಹಾಗೆ.”

“ಹಾಗೇ ಅನ್ನಿ.”

“ಲಾರಿಯವನು ಒಳ್ಳೆಯವನೇ. ಓಣಿ ಸಣ್ಣದು.”

ಡಾಕ್ಟರು ನಕ್ಕರು. ಆದರೆ ನಗುತ್ತಲೇ ಇನ್ನೊಂದು ಮಾತನ್ನೂ ಹೇಳಿದರು. ನರ ಎಂದರೆ ಒಂದೇ ದಾರವಲ್ಲ, ಸಣ್ಣ ಎಳೆಗಳ ಕಂತೆ. ಎಳೆಗಳು ಗಡ್ಡೆಯ ಮೇಲೆ ಹರಡಿಕೊಂಡಿರುತ್ತವೆ. ಅವನ್ನು ಪಕ್ಕಕ್ಕೆ ಸರಿಸಿ ಗಡ್ಡೆಯನ್ನಷ್ಟೇ ಬಿಡಿಸಿ ತೆಗೆಯಲು ಸಾಮಾನ್ಯವಾಗಿ ಆಗುತ್ತದೆ. ಒಂದೊಂದು ಸಲ ಒಂದು ಎಳೆಯನ್ನು ಬಿಟ್ಟುಕೊಡಬೇಕಾಗುತ್ತದೆ. ಅಷ್ಟು ಜಾಗ ಮರಗಟ್ಟಿಯೇ ಉಳಿಯಬಹುದು.

“ಕಾಲಡಿ ಪೂರ್ತಿ ಸತ್ತುಹೋದ್ರೆ?”

“ಅದು ಅಪರೂಪ. ಆಗೋದೇ ಇಲ್ಲ ಅಂತ ನಾನು ಮಾತು ಕೊಡೋಕಾಗಲ್ಲ.”

ಮನೆಗೆ ಬಂದ ಮೇಲೆ ಆಪರೇಷನ್ ಯಾವಾಗ ಎಂದು ಅಪ್ಪ ಕೇಳಿದರೆ “ನೋಡೋಣ” ಎಂದಳು. ಅಮ್ಮ ಕೇಳಿದರೂ “ನೋಡೋಣ”. ಒಂದೆರಡು ವಾರ ಆ ನೋಡೋಣದಲ್ಲೇ ಕಳೆಯಿತು. ಒಂದು ಸಂಜೆ ನೋಡಿದರೆ ಅತ್ತೆ ಮನೆಯ ಅಂಗಳದಲ್ಲಿ ನಿಂತ ಕಾರಿನೊಳಗೆ, ತನ್ನ ಸೀಟಿನಲ್ಲಿ ಸುಮ್ಮನೆ ಕೂತಿದ್ದಾಳೆ. ಮಾವ ಕೆಲಸದಿಂದ ಬಂದರು, ಅವಳನ್ನು ಕಂಡರು, ಚೀಲವನ್ನು ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲಿಟ್ಟು, ಕಾರಿನ ಸುತ್ತ ಬಂದು ಡ್ರೈವರ್ ಸೀಟಿನಲ್ಲಿ ಕೂತರು. ಬೇರೆ ಖಾಲಿ ಸೀಟಿರಲಿಲ್ಲ. ಹಿಂದೆಲ್ಲ ಚಪ್ಪಲಿ ಡಬ್ಬಗಳು. ಕಿಟಕಿ ತೆರೆದಿತ್ತು.

“ಕಾಲು ಹೋದ್ರೆ ನಾನೇನು ಮಾಡ್ಲಿ ರೀ? ನನಗೆ ಬೇರೇನೂ ಬರಲ್ಲ. ಅಡುಗೆನೂ ನೀವೇ ಮಾಡ್ತೀರಿ.”

“ನೀನು ಮಾಡಿದ್ದನ್ನ ತಿಂದಿದ್ದೀನಲ್ಲ, ಅದಕ್ಕೇ ನಾನು ಮಾಡ್ತಿರೋದು.”

ಅತ್ತೆ ನಗಲಿಲ್ಲ. ಮಾವ ಸ್ಟೀರಿಂಗಿನ ಮೇಲೆ ಕೂತಿದ್ದ ಧೂಳನ್ನು ಕರ್ಚೀಫಿನಿಂದ ಒರೆಸುತ್ತಾ ಕೂತರು. ಒರೆಸಿ ಒರೆಸಿ ಧೂಳೆಲ್ಲ ಮುಗಿದ ಮೇಲೆ ಹೇಳಿದರು:

“ನೀನು ನಿದ್ದೇಲಿ ಅಳ್ತೀಯ. ನಿನಗೆ ಗೊತ್ತಿಲ್ಲ.”

“ನಾನಾ?”

“ನೀನೇ. ಬೆಳಿಗ್ಗೆ ಎದ್ದು ಜೋಕು ಹೊಡೀತೀಯ. ನಾನು ಯಾರಿಗೂ ಹೇಳಿಲ್ಲ. ಆದ್ರೆ ನನಗೆ ಅದನ್ನ ಇನ್ನು ಕೇಳಿಸಿಕೊಳ್ಳೋ ಶಕ್ತಿ ಇಲ್ಲ ಕಣೇ.”

ಅತ್ತೆ ಮಾವನ ಕೈಯಿಂದ ಕರ್ಚೀಫು ಕಿತ್ತುಕೊಂಡು ಮೂಗು ಒರೆಸಿಕೊಂಡು, “ಡಾಕ್ಟರಮ್ಮನಿಗೆ ಫೋನ್ ಮಾಡೇ ಗುಬ್ಬಿ!” ಎಂದು ಕೂಗಿದಳು. ನಾನು ಕೇಳಿಸಿಕೊಳ್ಳುತ್ತಿದ್ದೇನೆ ಎಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು.

ಆಪರೇಷನ್ನಿನ ದಿನ ಮಾವ ಕಾಯುವ ಕೋಣೆಯಲ್ಲಿ ಕೂರಲಾರದೆ ಚಡಪಡಿಸಿದರು. ಎದುರಿಗೆ ಕೂತ ಮುದುಕಿಯ ಕನ್ನಡಕ ಒಂದು ಕಡೆಗೆ ವಾಲಿತ್ತು. “ಕೊಡಿ ಅಮ್ಮ” ಎಂದು ಇಸಿದುಕೊಂಡು, ಜೇಬಿನಿಂದ ಕಿರುಬೆರಳಷ್ಟು ಸ್ಕ್ರೂಡ್ರೈವರ್ ತೆಗೆದು, ಸ್ಕ್ರೂ ಬಿಗಿದು, ಗಾಜು ಒರೆಸಿ ಕೊಟ್ಟರು. ಮುದುಕಿ ಹಾಕಿಕೊಂಡು ಸುತ್ತ ನೋಡಿ, “ಓ, ಇಷ್ಟೊಂದು ಜನ ಇದ್ದೀರಾ!” ಎಂದಳು. ಅಷ್ಟೇ ಸಾಕಾಯಿತು. ಎಡಗಡೆಯವರು ಕೊಟ್ಟರು, ಬಲಗಡೆಯವರು ಕೊಟ್ಟರು, ಕಸ ಗುಡಿಸುವಾಕೆ ಪೊರಕೆ ಬದಿಗಿಟ್ಟು ತನ್ನದನ್ನೂ ಕೊಟ್ಟಳು. ಒಳಗೆ ಅತ್ತೆಯ ನರ ಬಿಡಿಸುತ್ತಿದ್ದ ಹೊತ್ತಿನಲ್ಲಿ ಹೊರಗೆ ಮಾವ ಆ ಕೋಣೆಯ ಕನ್ನಡಕಗಳನ್ನೆಲ್ಲ ಸರಿಮಾಡಿ ಮುಗಿಸಿದರು.

ಡಾಕ್ಟರಮ್ಮ ತಲೆಯ ಹಸಿರು ಟೊಪ್ಪಿಗೆ ತೆಗೆಯುತ್ತಾ ಹೊರಗೆ ಬಂದಳು. “ಬಂತು ಮಾವ, ಪೂರ್ತಿ ಬಂತು. ಸಿಪ್ಪೆಯಿಂದ ಹಣ್ಣು ಬಿಡಿಸಿದ ಹಾಗೆ. ಒಂದೇ ಒಂದು ಸಣ್ಣ ಎಳೆ ಅದರ ಜೊತೆ ಹೋಯ್ತು. ಎರಡನೇ ಬೆರಳ ಬುಡದಲ್ಲಿ ಸ್ವಲ್ಪ ಜಾಗ ಮರಗಟ್ಟಬಹುದು.” ಅವಳೂ ಮಾವ ಎಂದೇ ಕರೆಯತೊಡಗಿದ್ದನ್ನು ನಾನು ಆಗ ಗಮನಿಸಿದೆ. ಮಾವ “ಒಂದು ಬೆರಳ ಬುಡ ತಾನೇ, ಇಟ್ಕೊಳ್ಳಲಿ ಬಿಡಿ” ಎಂದರು. ಯಾರು ಇಟ್ಟುಕೊಳ್ಳಬೇಕೆಂದು ಅವರಿಗೂ ಗೊತ್ತಿರಲಿಲ್ಲ.

ಅತ್ತೆಗೆ ಪೂರ್ತಿ ಎಚ್ಚರವಾದಾಗ ಕಾಲಿಗೆ ಮಂಡಿಯವರೆಗೆ ಪಟ್ಟಿ. ಮಾವ ಬಗ್ಗಿ “ಹೇಗಿದೆ?” ಎಂದರು. ಅವಳು ಕಣ್ಣು ಮುಚ್ಚಿ ಒಳಗೆಲ್ಲೋ ಹುಡುಕಿ ನೋಡಿದಳು. “ಕೊಯ್ದ ಕಡೆ ನೋಯ್ತಿದೆ. ಆದ್ರೆ ಬೆಂಕಿ ಆರಿದೆ ರೀ.” ಮತ್ತೆ ಸ್ವಲ್ಪ ಹೊತ್ತಿಗೆ, “ನಿಜವಾಗ್ಲೂ ಆರಿದೆ” ಎಂದಳು. ಗಡ್ಡೆ ಸಾಧುವೇ ಎಂದು ಪರೀಕ್ಷೆಯ ವರದಿ ಬಂದ ದಿನ ಅಪ್ಪ ಊರಿಗೆಲ್ಲ ಫೋನ್ ಮಾಡಿ ಹೇಳಿದ. ನಮ್ಮೆಲ್ಲರ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಆದರೆ ಮನೆಯಲ್ಲಿ ಕಾಲು ದಿಂಬಿನ ಮೇಲೆ ಚಾಚಿ ಕೂತ ಬ್ರೇಕ್ ಅತ್ತೆಯನ್ನು ಸಂಭಾಳಿಸುವುದು ಸುಲಭವಲ್ಲ. ಕಿಟಕಿಯ ಪಕ್ಕ ಅವಳ ಕುರ್ಚಿ. ಬೀದಿಯಲ್ಲಿ ಯಾರಾದರೂ ಸೊಟ್ಟಗೆ ಕಾರು ನಿಲ್ಲಿಸಿದರೆ ಒಳಗಿನಿಂದಲೇ, “ಹಿಂದೆ ತಗೊಳ್ಳಿ! ಎಡಕ್ಕೆ! ಇನ್ನೂ ಎಡಕ್ಕೆ! ಯಾರ್ರೀ ಕಲಿಸಿದ್ದು ನಿಮಗೆ?” ಕಲಿಸಿದವಳು ಎಷ್ಟೋ ಸಲ ಅವಳೇ ಆಗಿರುತ್ತಿದ್ದಳು. ಬೇಕರಿಯವನು ಬಿಸಿ ಬ್ರೆಡ್ಡು ತಂದುಕೊಟ್ಟು ಬೈಸಿಕೊಂಡು ಹೋಗುತ್ತಿದ್ದ. ಅವಳನ್ನು ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದು ಕರೆತರುವ ಕೆಲಸ ಅವಳ ಹಳೆಯ ಶಿಷ್ಯೆಯಾದ ನನ್ನದು. ಅದಕ್ಕೆ ಶಾಲೆಗೆ ರಜೆ ಹಾಕಬೇಕಿತ್ತು. ಒಂದು ದಿನ ಊಟಕ್ಕೆ ಕೂತಾಗ ಮಾವ ತಲೆಯೆತ್ತದೆ ಹೇಳಿದರು:

“ನನಗೆ ಕಾರು ಕಲಿಸು.”

ಅತ್ತೆ ಎತ್ತಿದ ತುತ್ತನ್ನು ಮತ್ತೆ ತಟ್ಟೆಯಲ್ಲಿಟ್ಟಳು. “ಯಾರಿಗೆ?”

“ನನಗೆ. ಗುಬ್ಬಿ ಎಷ್ಟು ದಿನ ರಜಾ ಹಾಕ್ತಾಳೆ?”

“ಅಂಚೆ ಡಬ್ಬಿ ನೆನಪಿದೆಯಾ?”

“ಆ ಡಬ್ಬಿ ಈಗ ಇಲ್ಲ. ತೆಗೆದುಹಾಕಿದ್ದಾರೆ.”

ಗೋದಾಮಿನ ಅಂಗಳದಲ್ಲೇ ಪಾಠ ಶುರುವಾಯಿತು. ಡ್ರೈವರ್ ಸೀಟಿನಲ್ಲಿ ಮಾವ. ಪಕ್ಕದಲ್ಲಿ, ಅತ್ತೆಯ ಜಾಗದಲ್ಲಿ, ಎರಡನೆಯ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ನಾನು. ಅತ್ತೆ ಹಿಂದಿನ ಸೀಟಿನಲ್ಲಿ ಅಡ್ಡಲಾಗಿ ಕೂತು, ಪಟ್ಟಿ ಕಟ್ಟಿದ ಕಾಲನ್ನು ದಿಂಬಿನ ಮೇಲೆ ಚಾಚಿಕೊಂಡಿದ್ದಳು. ಊರಿಗೆಲ್ಲ ಹರಟೆ ಹೊಡೆಯುತ್ತಾ ಕಲಿಸಿದವಳು ಗಂಡನಿಗೆ ಮಾತ್ರ ಹಾಗೆ ಕಲಿಸಲಾರದೆ ಹೋದಳು. “ಕ್ಲಚ್ ಮೆಲ್ಲಗೆ ರೀ! ಮೊಟ್ಟೆ ಮೇಲೆ ಕಾಲಿಟ್ಟ ಹಾಗೆ! ಅಯ್ಯೋ, ಒಡೀತಲ್ಲ ಮೊಟ್ಟೆ! ಗುಬ್ಬೀ, ಬ್ರೇಕ್! ಬ್ರೇಕ್!” ಕಾರು ಆಗಿನ್ನೂ ಅಲುಗಿರಲೇ ಇಲ್ಲ. ಮಾವ ಆಮೆಯಂತೆ ಮುಂದೆ ಹೋದರೂ ಬ್ರೇಕ್, ತಿರುಗಿಸಿದರೂ ಬ್ರೇಕ್. ದೂರದಲ್ಲಿ ಒಂದು ಬೆಕ್ಕು ಅಡ್ಡ ಬಂದದ್ದೇ ಅತ್ತೆಯ ಕೂಗಿಗೆ ಬೆದರಿ ಗೋಡೆ ಹತ್ತಿತು.

ಮಾವ ಕಾರನ್ನು ಪದ್ಧತಿ ಪ್ರಕಾರ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಕ್ಕೆ ತಿರುಗಿದರು. ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ನೋಡು, ಬೇಕರಿಯವನನ್ನ ನಂಬ್ತೀಯ. ಹೆಸರು ಊರು ಗೊತ್ತಿಲ್ಲದವರನ್ನೆಲ್ಲ ನಂಬಿ ಅವರ ಪಕ್ಕ ಕೂರ್ತೀಯ. ನನ್ನನ್ನೂ ಸ್ವಲ್ಪ ನಂಬು. ಆಗಲ್ವಾ, ಮನೇಲಿರು.”

“ಅವರೆಲ್ಲ ಓಡಿಸುವಾಗ ಬ್ರೇಕು ನನ್ನ ಕಾಲಡಿ ಇರತ್ತೆ ರೀ” ಎಂದಳು ಅತ್ತೆ, ಸಣ್ಣ ದನಿಯಲ್ಲಿ. “ಇಲ್ಲಿ ಕೂತು ಅಭ್ಯಾಸ ಇಲ್ಲ ನನಗೆ.”

“ನಾನು ಇಷ್ಟು ವರ್ಷ ಅಲ್ಲೇ ಕೂತಿದ್ದೆನಲ್ಲ?”

ಅತ್ತೆ ಮೇಲಿನ ಹಿಡಿ ಹಿಡಿದುಕೊಂಡಳು. ಮಾವ ಕಾರು ಹೊರಡಿಸಿದರು. ಅಂಗಳದ ಸುತ್ತ ಒಂದು ಸುತ್ತು, ಅದರ ಹಿಂದೆ ಇನ್ನೊಂದು. ಹಿಂದಿನಿಂದ ಮಾತೇ ಇಲ್ಲ. ಕೊನೆಗೆ ತಡೆಯಲಾರದೆ ಕೇಳಿದಳು: “ಕನ್ನಡಿ ನೋಡಿದ್ರಿ ತಾನೇ?”

“ನೋಡಿದೆ. ನೀನು ಕಾಣ್ತಿದ್ದೆ.”

ಲೈಸೆನ್ಸ್ ಪರೀಕ್ಷೆಯ ದಿನ ಮಾವ ಎಷ್ಟು ನಿಧಾನವಾಗಿ ಓಡಿಸಿದರೆಂದರೆ, ಪರೀಕ್ಷೆ ಮಾಡುವವರು ನಡುವೆ ಆಕಳಿಸಿದರಂತೆ. ಆದರೆ ತಪ್ಪು ಹುಡುಕಲು ಏನೂ ಸಿಗಲಿಲ್ಲ. ಪಾಸಾದರು. ಆ ದಿನ ಮಾವ ತಮಗೆ ತಾವೇ ಬಹುಮಾನ ಎಂಬಂತೆ ಅಡುಗೆ ಮಾಡದೆ ಹೋಟೆಲಿಗೆ ಕರೆದೊಯ್ದರು. ನಡೆದುಕೊಂಡೇ ಹೋಗಬಹುದಾದಷ್ಟು ಹತ್ತಿರ. ಆದರೂ ಕಾರಿನಲ್ಲೇ.

ಅತ್ತೆಯ ಕಾಲು ನಿಧಾನವಾಗಿ ಅವಳ ಕೈಗೆ ಬಂತು. ಹೀಗೆ ಹೇಳಬಹುದಾದರೆ. ಪಟ್ಟಿ ಬಿಚ್ಚಿದ ಮೇಲೆ ಗಿಣ್ಣಿನ ಹಿಂದೆ ಉದ್ದನೆಯ ಒಂದು ಗಾಯದ ಗೆರೆ. ಮೊದಮೊದಲು ಊರುಗೋಲು, ಆಮೇಲೆ ಗೋಡೆ, ಆಮೇಲೆ ಮಾವನ ಭುಜ. ನೆಲದ ಮೇಲೆ ಹಾಸಿದ ಟವೆಲನ್ನು ಕಾಲ್ಬೆರಳುಗಳಿಂದ ಮುದುಡಿಸಿ ಎಳೆದುಕೊಳ್ಳುವುದು ಒಂದು ವ್ಯಾಯಾಮ. ಕಣ್ಣು ಮುಚ್ಚಿಕೊಂಡು ಅಂಗಾಲಿಗೆ ತಾಕಿದ್ದು ಏನೆಂದು ಹೇಳುವುದು ಇನ್ನೊಂದು. ಮಾವನಿಗೆ ಈ ಎರಡನೆಯದು ಬಲು ಇಷ್ಟ. ಚಮಚ, ಬಾಚಣಿಗೆ, ಹತ್ತಿ, ಕನ್ನಡಕದ ಗಾಜು ಒರೆಸುವ ಬಟ್ಟೆ, ಒಂದೊಂದನ್ನೇ ಅವಳ ಪಾದದಡಿ ಇಡುತ್ತಿದ್ದರು. “ಚಮಚ.” “ಸರಿ.” “ಬಾಚಣಿಗೆ.” “ಸರಿ.” “ಇದು… ಇದು ನಿಮ್ಮ ಗಡ್ಡ! ಥೂ, ಏಳ್ರೀ ಮೇಲೆ!” ಇಬ್ಬರೂ ಚಿಕ್ಕಮಕ್ಕಳ ಹಾಗೆ ನಗುತ್ತಿದ್ದದ್ದು ಮೇಲಿನ ಮನೆಗೂ ಕೇಳುತ್ತಿತ್ತು. ಎರಡನೆಯ ಬೆರಳ ಬುಡದಲ್ಲಿ ಮಾತ್ರ ಏನಿಟ್ಟರೂ ತಿಳಿಯದು. ಅದು ಇವತ್ತಿಗೂ ಹಾಗೇ ಇದೆ. “ಆ ಕೋಣೆಯವರು ಮನೆ ಖಾಲಿ ಮಾಡ್ಕೊಂಡು ಹೋದ್ರು” ಎನ್ನುತ್ತಾಳೆ ಅತ್ತೆ.

ಡಾಕ್ಟರು ಒಪ್ಪಿದ ಮೇಲೆಯೇ ಅವಳು ತನ್ನ ಸೀಟಿಗೆ ಮರಳಿದ್ದು. ಅದಕ್ಕೂ ಮೊದಲು ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಅಂಗಳದಲ್ಲಿ ಸುತ್ತಿಸಿ, ಹೇಳದೆ ಕೇಳದೆ ಬ್ರೇಕು ಒತ್ತಿ ಒತ್ತಿ ನೋಡಿಕೊಂಡಳು. ನನ್ನ ಹಲ್ಲುಗಳೆಲ್ಲ ಅದುರಿಹೋದವು. ಕಾಲಿಗೆ ಪೆಡಲಿನ ರಬ್ಬರು ರಬ್ಬರಾಗಿಯೇ ತಿಳಿಯುತ್ತಿದೆ ಎಂದು ಖಾತ್ರಿಯಾದ ಮೇಲೆ ಅವಳು ಮೊದಲು ಕರೆದದ್ದು ಡಾಕ್ಟರಮ್ಮನನ್ನು. ಆ ಹುಡುಗಿಗೆ ಲೈಸೆನ್ಸ್ ಸಿಕ್ಕಿತು, ಬಹಳ ಸಲ ಎಡವಿ. ಈಗ ತನ್ನದೇ ಕಾರಿದೆ. ಆಸ್ಪತ್ರೆಯ ಆವರಣದಲ್ಲಿ ಎರಡು ಕಾರಿನ ಜಾಗದಲ್ಲಿ ಒಂದೇ ಕಾರು ಸೊಟ್ಟಗೆ ನಿಂತಿದ್ದರೆ ಅದು ಅವಳದೇ. ಅತ್ತೆ ಅದನ್ನು ಕಂಡಾಗಲೆಲ್ಲ, “ಎಂಥಾ ಕೈ! ನರ ಬಿಡಿಸೋಕೆ ಬರತ್ತೆ, ಕಾರು ನಿಲ್ಲಿಸೋಕೆ ಬರಲ್ಲ” ಎಂದು ಹೆಮ್ಮೆಪಡುತ್ತಾಳೋ ಬೈಯುತ್ತಾಳೋ ತಿಳಿಯುವುದಿಲ್ಲ.

ಮೊನ್ನೆ, ಆಪರೇಷನ್ ಆಗಿ ವರ್ಷ ತುಂಬಿದ ಮೇಲೆ, ಕೊನೆಯ ತಪಾಸಣೆ ಇತ್ತು. ಗಡ್ಡೆ ಮತ್ತೆ ಕಾಣಿಸಿಕೊಂಡಿಲ್ಲ, ಇನ್ನು ತೊಂದರೆಯಾದರೆ ಮಾತ್ರ ಬನ್ನಿ ಎಂದರು ಹಿರಿಯ ಡಾಕ್ಟರು. ವಾಪಸು ಬರುವಾಗ ಮಾವ ಓಡಿಸುತ್ತಿದ್ದರು. ಅತ್ತೆ ಪಕ್ಕದಲ್ಲಿ, ನಾನು ಹಿಂದೆ. ಇದ್ದಕ್ಕಿದ್ದಂತೆ ಮಳೆ ಹಿಡಿಯಿತು. ಮಾವ ಇನ್ನಷ್ಟು ನಿಧಾನವಾದರು. ನಮ್ಮ ಹಿಂದೆ ವಾಹನಗಳ ಮೆರವಣಿಗೆಯೇ ಸೇರಿ ಹಾರ್ನು ಬಾರಿಸತೊಡಗಿತು. ಈಗ ಅತ್ತೆ ಏನಾದರೂ ಅನ್ನುತ್ತಾಳೆ, ಮಾವ ಏನಾದರೂ ಮರುಮಾತಾಡುತ್ತಾರೆ ಎಂದು ನಾನು ಕಾದೆ. ಸದ್ದೇ ಇಲ್ಲ. ಬಗ್ಗಿ ನೋಡಿದರೆ ಅವಳ ತಲೆ ಕಿಟಕಿಗೆ ಒರಗಿದೆ, ಬಾಯಿ ಒಂದಿಷ್ಟು ತೆರೆದಿದೆ. ಗಾಢ ನಿದ್ದೆ. ಓಡುವ ಕಾರಿನಲ್ಲಿ ಅತ್ತೆ ಕಣ್ಣು ಮುಚ್ಚಿದ್ದನ್ನು ನಾನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ.

ನಮ್ಮ ಬೀದಿಯ ತಿರುವು ಬಂತು. “ಮಾವ, ಎಡಕ್ಕೆ” ಎಂದೆ.

“ಶ್‌, ಎಬ್ಬಿಸ್ಬೇಡ” ಎಂದರು ಮಾವ, ತುಟಿ ಅಲುಗಿಸದೆ. “ಇನ್ನೊಂದು ಸುತ್ತು ಹಾಕಿ ಬರೋಣ.” ಹಿಂದಿನವರ ಹಾರ್ನಿಗೆಲ್ಲ ಕಿವುಡಾಗಿ ಅವರು ನೇರ ಮುಂದಕ್ಕೆ ಹೋದರು.